ಕಾವಿಯ ಗೆರೆ

ಚಿಕ್ಕಮ್ಮ ಜಾಕೋಮಾ ಹಿಟ್ಟು ಲಟ್ಟಿಸುತ್ತಿದ್ದಳು. ಉದ್ದನೆಯ ಲಟ್ಟಣಿಗೆ ಮುಂದಕ್ಕೆ ಹೋದಾಗ ಅವಳ ಬಲಭುಜ ಕಿವಿಯತ್ತ ಏರುತ್ತಿತ್ತು, ಹಿಂದಕ್ಕೆ ಬಂದಾಗ ಇಳಿಯುತ್ತಿತ್ತು. ಏರಿದಾಗಲೆಲ್ಲ ಕುತ್ತಿಗೆಯ ಬುಡದಲ್ಲಿ ಒಂದು ಸಣ್ಣ ಗುಳಿ ಬೀಳುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಜಿನೆವ್ರಾ ಆ ಗುಳಿಯನ್ನೇ ನೋಡಿದಳು. ನೋಡಬಾರದೆಂದುಕೊಂಡೇ ಮಹಡಿಯಿಂದ ಇಳಿದು ಬಂದಿದ್ದಳು. ಒಂದು ಬಟ್ಟಲು ಸಾರು ಕುಡಿದು, ಬಣ್ಣದ ಅಂಗಡಿಗೆ ಹೋಗಿ ಬಂದು, ಶನಿವಾರ ನಡೆದದ್ದನ್ನು ಯಾರದೋ ಮನೆಯ ಸುದ್ದಿಯ ಹಾಗೆ ಮರೆತುಬಿಡುವುದೆಂದು ತೀರ್ಮಾನಿಸಿದ್ದಳು. ಆದರೆ ಗುಳಿ ಅಲ್ಲಿತ್ತು, ತಾನು ಹಾಳೆಯ ಮೇಲೆ ಗೆರೆ ಎಳೆದ ಜಾಗದಲ್ಲೇ ಇತ್ತು. ಭಾರ ಬಿದ್ದ ಭುಜ ಕುಸಿಯುವುದಿಲ್ಲ; ಭಾರವನ್ನು ಎದುರುಗೊಳ್ಳಲು ಅದು ಏರುತ್ತದೆ, ಕುತ್ತಿಗೆ ಗಿಡ್ಡವಾಗುತ್ತದೆ, ಕೊರಳೆಲುಬು ಓರೆಯಾಗಿ ಮೇಲೆದ್ದು ನಿಲ್ಲುತ್ತದೆ. ಚಿಕ್ಕಮ್ಮನ ಭುಜಕ್ಕೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸರಿ ಎಂದುಕೊಂಡಳು ಜಿನೆವ್ರಾ, ನಾನೇ ಸರಿ. ಹಾಗೆ ಅಂದುಕೊಂಡದ್ದಕ್ಕೇ ಹೆದರಿದಳು.

"ಏನು ಹಾಗೆ ನೋಡ್ತಾ ನಿಂತೆ? ಹಿಟ್ಟಿಗೆ ಕೂದಲು ಬಿದ್ದಿದ್ಯಾ?"

"ಇಲ್ಲ ಚಿಕ್ಕಮ್ಮ."

"ಮತ್ತೆ ನನ್ನನ್ನೂ ತಿದ್ದೋಕೆ ಬಂದ್ಯಾ? ತಿದ್ದು ಬಾ. ಮೂವತ್ತು ವರ್ಷದಿಂದ ಲಟ್ಟಿಸ್ತಿದ್ದೀನಿ, ಇನ್ನೂ ತುದಿ ದಪ್ಪ ಬರತ್ತೆ."

ಅದು ತಮಾಷೆಯೋ ಚುಚ್ಚುಮಾತೋ ತಿಳಿಯುವಂತಿರಲಿಲ್ಲ. ಚಿಕ್ಕಮ್ಮನ ಮಾತೇ ಹಾಗೆ, ಎರಡೂ ಬದಿ ಒಂದೇ ಬಣ್ಣದ ಬಟ್ಟೆಯ ಹಾಗೆ. ಜಿನೆವ್ರಾ ಬಟ್ಟಲಿಗೆ ಸಾರು ಬಗ್ಗಿಸಿಕೊಂಡು ಗೋಡೆಗೆ ಒರಗಿದಳು. ಏಪ್ರನ್ನಿನ ಜೇಬಿನಲ್ಲಿ ಕೆಂಪು ಗೆರೆ ಎಳೆಯುವ ಕಾವಿಕಲ್ಲಿನ ತುಂಡು ತೊಡೆಗೆ ಒತ್ತಿತು. ಶನಿವಾರದಿಂದ ಅದು ಅಲ್ಲೇ ಇತ್ತು. ಹಿಂದಿರುಗಿಸಬೇಕಾಗಿತ್ತು. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬರುವಾಗ ಬೀದಿಯುದ್ದದ ಕಂಬಸಾಲಿನ ಚಾವಣಿಯ ಕೆಳಗೆ ಚಿಕ್ಕಪ್ಪ ಮುಂದೆ ಮುಂದೆ ನಡೆಯುತ್ತಿದ್ದರು; ಅವಳು ಹಿಂದೆ ಬರುತ್ತ, ಜೇಬಿನೊಳಗೆ ಬೆರಳಾಡಿಸುತ್ತ, ಈಗ ಕೊಡಲೇ, ಆ ಕಂಬ ದಾಟಿದ ಮೇಲೆ ಕೊಡಲೇ ಎಂದು ಮನೆ ಬರುವ ತನಕ ಕಂಬಗಳನ್ನು ದಾಟಿದ್ದಳು. ಕೊಟ್ಟರೆ ಶನಿವಾರ ನಡೆದದ್ದು ನಿಜವಾಗುತ್ತದೆ. ಇಟ್ಟುಕೊಂಡರೆ ಕಳ್ಳತನವಾಗುತ್ತದೆ.

"ನಿನ್ನೆ ಅವರು ಎರಡು ಹೊತ್ತೂ ಸರಿಯಾಗಿ ತಿನ್ನಲಿಲ್ಲ," ಎಂದಳು ಚಿಕ್ಕಮ್ಮ, ಹಿಟ್ಟಿನ ಹಾಳೆಯನ್ನು ಲಟ್ಟಣಿಗೆಗೆ ಸುತ್ತುತ್ತ. "ಹಲ್ಲುನೋವಂತೆ. ಇರೋ ನಾಕು ಹಲ್ಲಲ್ಲಿ ಯಾವುದು ನೋಯುತ್ತೆ ಅಂದ್ರೆ ಹೇಳಲ್ಲ. ಆ ಹಾಳಾದ ಎರ್ಕೊಲೆ ಬೇರೆ, ಬರೆಯೋ ಕೋಣೆಗೆ ಅಂತ ನಿನ್ನೆಯ ರೊಟ್ಟಿ ಮುಚ್ಚಿಟ್ಟಿದ್ರೆ ಬೆಳಿಗ್ಗೆ ಬಂದು ಅಷ್ಟೂ ತಿಂದು ಹೋಗಿದ್ದಾನೆ. ಚಿತ್ರ ಕಲಿಯೋಕೆ ಬರ್ತಾವೋ ಹೊಟ್ಟೆ ತುಂಬಿಸಿಕೊಳ್ಳೋಕೆ ಬರ್ತಾವೋ."

ಚಿತ್ರ ಬರೆಯುವ ಕೋಣೆಗೆ ನಿನ್ನೆಯ ರೊಟ್ಟಿಯೇ ಆಗಬೇಕು. ಒಂದು ದಿನ ಆರಿದ ದಪ್ಪ ರೊಟ್ಟಿಯ ಒಳಗಿನ ತಿರುಳನ್ನು ಉಂಡೆ ಕಟ್ಟಿ ಒತ್ತಿದರೆ ಇದ್ದಿಲ ಗೆರೆ ಹಾಳೆಯಿಂದ ಎದ್ದು ಬರುತ್ತದೆ. ಒಲೆಯಿಂದ ಇಳಿದ ದಿನದ ರೊಟ್ಟಿಯಲ್ಲಿ ತೇವ ಇರುತ್ತದೆ, ಬಣ್ಣವನ್ನು ಎಳೆದಾಡಿ ಕೊಳಕು ಮಾಡುತ್ತದೆ. ಜಿನೆವ್ರಾ ಸಣ್ಣವಳಿದ್ದಾಗ ಆ ರೊಟ್ಟಿಯನ್ನು ಕದ್ದು ತಿಂದು ಸಿಕ್ಕಿಬಿದ್ದಿದ್ದಳು. ತಪ್ಪು ಒರೆಸೋ ರೊಟ್ಟಿ ತಿಂದೆ, ಈಗ ನಿನ್ನ ಹೊಟ್ಟೆಯಲ್ಲಿ ಎಲ್ಲರ ತಪ್ಪೂ ಬೆಳೆಯುತ್ತೆ ನೋಡು ಎಂದು ಅಪ್ಪ ಹೆದರಿಸಿದ್ದ, ಅವಳು ಅತ್ತಿದ್ದಳು, ಆಗ ಚಿಕ್ಕಪ್ಪ ಅಸ್ತೋರ್ರೆ ಅವಳನ್ನು ಎತ್ತಿ ಭುಜದ ಮೇಲೆ ಕೂರಿಸಿಕೊಂಡು, ಬೆಳೆಯಲಿ ಬಿಡು, ನಮ್ಮ ತಪ್ಪೆಲ್ಲ ಒಂದೇ ಕಡೆ ಸಿಗುತ್ತೆ ಅಂದಿದ್ದರು. ತಾನು ಕೂತಾಗ ಆ ಭುಜ ಹೇಗಿತ್ತು? ಎದ್ದು ಬಂದಿತ್ತಲ್ಲವೇ, ಅವಳ ತೊಡೆಯ ಕೆಳಗೆ ಗಟ್ಟಿಯಾಗಿ, ದೋಣಿಯ ಅಂಚಿನ ಹಾಗೆ. ಜಿನೆವ್ರಾ ಸಾರಿನ ಬಟ್ಟಲನ್ನು ಕೆಳಗಿಟ್ಟಳು. ನೆನಪಿನಲ್ಲೂ ಸಾಕ್ಷಿ ಹುಡುಕುತ್ತಿದ್ದಾಳೆ ತಾನು, ಅವರ ವಿರುದ್ಧ ಅವರದೇ ಭುಜವನ್ನು.

ಹೊರಗೆ ಮಂಜು ಇನ್ನೂ ಕರಗಿರಲಿಲ್ಲ. ಕಂಬಸಾಲಿನಲ್ಲಿ ನಡೆಯುವವರು ಮೊದಲು ಸದ್ದಾಗಿ, ಆಮೇಲೆ ಆಕಾರವಾಗಿ, ಕೊನೆಗೆ ಮುಖವಾಗಿ ಬರುತ್ತಿದ್ದರು. ಅವಳಿಗೆ ಮುಖ ಬೇಕಿರಲಿಲ್ಲ. ಕಾಲುವೆಯ ಕಡೆಯಿಂದ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬಂದ ಹೆಂಗಸಿನ ಭುಜ ಏರಿತ್ತು. ಸೆಣಬಿನ ಹೊರೆ ಹೊತ್ತವನದು ಏರಿತ್ತು. ಎರಡು ಕೊಡದ ಅಡ್ಡೆ ಹೊತ್ತವನು ಬಂದಾಗ ಅವಳು ನಿಂತೇ ಬಿಟ್ಟಳು. ಒಂದಾದರೂ ಭುಜ ತನ್ನನ್ನು ಸುಳ್ಳು ಮಾಡಲಿ ಎಂದು ಅವಳು ಪ್ರಾಮಾಣಿಕವಾಗಿಯೇ ಬಯಸಿದ್ದಳು, ಒಂದು ಸಾಕಿತ್ತು, ಓಡಿಹೋಗಿ ಚಿಕ್ಕಪ್ಪನ ಕಾಲು ಹಿಡಿಯುತ್ತಿದ್ದಳು. ಅಡ್ಡೆಯವನು ಅವಳ ನೋಟಕ್ಕೆ ಬೇರೆ ಅರ್ಥ ಕೊಟ್ಟು, "ಏನು ತಾಯಿ, ಕೊಂಡ್ಕೊಳ್ತೀರಾ ನನ್ನ?" ಎಂದು ನಕ್ಕು ಮುಂದೆ ಹೋದ. ಅವನ ಭುಜವೂ ಏರಿತ್ತು. ಇಡೀ ಬೊಲೋನ್ಯ ನಗರ ಬೆಳಗಾಗುವಷ್ಟರಲ್ಲಿ ಅವಳ ಪರವಾಗಿ ನಿಂತುಬಿಟ್ಟಿತ್ತು, ಅವಳು ಕೇಳದೆಯೇ.

ಶನಿವಾರವೆಂದರೆ ವೆಂತುರೋಲಿ ಮನೆತನದ ಚಿತ್ರಕಲಾ ಅಕಾಡೆಮಿಯಲ್ಲಿ ಗೋಡೆಯ ದಿನ. ಅಪ್ಪ ಪ್ರೋಸ್ಪೆರೊ ಮತ್ತು ಚಿಕ್ಕಪ್ಪ ಅಸ್ತೋರ್ರೆ ಹಳೆಯ ರೇಷ್ಮೆ ಕೊಠಡಿಯನ್ನು ಬರೆಯುವ ಕೋಣೆ ಮಾಡಿಕೊಂಡಾಗ ಮಾಡಿದ ಮೊದಲ ಕಟ್ಟಳೆ ಅದು. ವಾರವಿಡೀ ಬರೆದದ್ದನ್ನು ಗೋಡೆಯ ದಾರಕ್ಕೆ ಸಿಗಿಸಬೇಕು. ಹೆಸರು ಹಾಕಬಾರದು. ಕಾವಿ ಹಿಡಿದವರು ಯಾವ ಹಾಳೆಯನ್ನಾದರೂ ತಿದ್ದಬಹುದು, ಕೆಂಪು ಗೆರೆ ಬಿದ್ದ ಮೇಲೆ ಯಾರೂ ಎದುರಾಡಬಾರದು. ಉತ್ತರ ಕೊಡಬೇಕೆನಿಸಿದರೆ ಮುಂದಿನ ವಾರ ಚಿತ್ರ ಬರೆದೇ ಕೊಡಬೇಕು. ಗೋಡೆಯಲ್ಲಿ ಯಾವುದು ಎಲ್ಲಕ್ಕಿಂತ ಸರಿಯೋ ಅದು ಚಿತ್ರಕ್ಕೆ ಹೋಗುತ್ತದೆ, ಬರೆದವರು ಯಾರೇ ಆಗಲಿ. ಅಣ್ಣತಮ್ಮಂದಿರು ತಮ್ಮ ಹಾಳೆಗಳನ್ನೂ ಹುಡುಗರ ಹಾಳೆಗಳ ನಡುವೆ ತೂಗುಹಾಕುತ್ತಿದ್ದರು. ಒಮ್ಮೆ ಅಪ್ಪ ಚಿಕ್ಕಪ್ಪನ ಕುದುರೆಗೆ ಕೆಂಪು ಗೆರೆ ಎಳೆದು, ಇದು ಯಾರ ಮನೆಯ ಹಸು ಎಂದು ಕೇಳಿದ್ದ. ಮುಂದಿನ ಶನಿವಾರ ಚಿಕ್ಕಪ್ಪ ಅಪ್ಪನ ದೇವದೂತನ ಕಾಲನ್ನು ತಿದ್ದಿ, ಇವನು ಹಾರದೆ ಇದ್ದರೆ ಕುಂಟಬೇಕಾಗುತ್ತದೆ ಅಂದಿದ್ದರು. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಕುಡಿಯಲು ಹೋಗಿದ್ದರು. ಅಪ್ಪ ಸತ್ತ ಮೇಲೂ ಚಿಕ್ಕಪ್ಪ ತಮ್ಮ ಹಾಳೆ ತೂಗುಹಾಕುವುದನ್ನು ಬಿಡಲಿಲ್ಲ. ಆದರೆ ಈಗ ಕಾವಿ ಅವರ ಕೈಯಲ್ಲೇ ಇತ್ತು. ತಮ್ಮ ಹಾಳೆಯ ಮುಂದೆ ಬಂದಾಗ ಅವರು ಒಂದು ಕ್ಷಣ ನಿಲ್ಲುತ್ತಿದ್ದರು, ಯಾರೋ ಮಾತಾಡಲಿ ಎಂದು ಕಾಯುವವರ ಹಾಗೆ, ಆಮೇಲೆ ಮುಂದೆ ಹೋಗುತ್ತಿದ್ದರು. ಹುಡುಗರು ಆ ಹಾಳೆಯನ್ನು ಗುರುತಿಸಿ ಮೌನವಾಗಿರುವುದನ್ನು ಕಲಿತರು. ಕಟ್ಟಳೆ ಹೊರಗೆ ಹಾಗೇ ಇತ್ತು, ಒಳಗೆ ಸತ್ತುಹೋಗಿತ್ತು, ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಈ ಸಲದ ಕೆಲಸ ದ್ರಾಕ್ಷಾರಸದ ಪೀಪಾಯಿ ಹೊರುವವರ ಸಂಘದ್ದು. ತಮ್ಮ ಪ್ರಾರ್ಥನಾಮಂದಿರಕ್ಕೆ ಅವರು ಸಂತ ಕ್ರಿಸ್ತೋಫೊರೊನನ್ನು ಕೇಳಿದ್ದರು, ಮಗು ಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವವನನ್ನು. ಮಗು ಹೊಳೆಯ ನಡುವೆ ಬೆಟ್ಟದಷ್ಟು ಭಾರವಾಗುತ್ತದೆ. ಭುಜವೊಂದನ್ನು ಬಿಟ್ಟು ಚಿತ್ರಕ್ಕೆ ಮಾದರಿಯಾಗುವ ದೊಡ್ಡ ನಕ್ಷೆಯೆಲ್ಲ ಮುಗಿದಿತ್ತು. ನಕ್ಷೆಯ ಗೆರೆಗಳ ಗುಂಟ ಸೂಜಿಯಿಂದ ಸಾಲು ತೂತು ಚುಚ್ಚಿ ಇದ್ದಿಲ ಪುಡಿ ತಟ್ಟಿದರೆ ಅವು ಚಿತ್ರದ ಜಾಗಕ್ಕೆ ಇಳಿಯುತ್ತವೆ. ಹೊರೆಯಾಳು ಗಾಂಬಾನನ್ನು ಕರೆಸಿ, ಹೆಗಲಿಗೆ ಮರಳಿನ ಮೂಟೆ ಏರಿಸಿ, ಎಲ್ಲರೂ ನಿಜದ ಅಳತೆಯಲ್ಲಿ ಒಂದೊಂದು ಭುಜವನ್ನು, ಮಗುವಿನ ಪಾದ ಹಿಡಿಯುವ ಕೈಯವರೆಗೆ, ಬರೆದರು. ಜಿನೆವ್ರಾ ಕಿಟಕಿಯ ಪಕ್ಕದ ಪರದೆಯ ಹಿಂದೆ ಕೂತು, ಅದರ ಸೀಳಿನಿಂದ ನೋಡಿ ಬರೆದಳು. ಗಂಡಸರನ್ನು ನೋಡಿ ಬರೆಯುವ ಹಾಗಿದ್ದರೆ ಪರದೆ ಇರಬೇಕೆಂಬುದು ಚಿಕ್ಕಮ್ಮನ ಷರತ್ತು. ಗೋಡೆಯ ದಿನ ಮಾತ್ರ ಪರದೆ ಇರಲಿಲ್ಲ, ಗೋಡೆಯ ಮುಂದೆ ಎಲ್ಲರೂ ಒಂದೇ. ಆ ಶನಿವಾರ ಚಿಕ್ಕಪ್ಪನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವರು ಕರವಸ್ತ್ರ ಒತ್ತಿಕೊಂಡು ಬೆಂಚಿನ ಮೇಲೆ ಕೂತು, ಮಗ ಕಮಿಲ್ಲೊ ಕೈ ಚಾಚಿದ್ದನ್ನು ನೋಡದವರಂತೆ, ಕಾವಿಯನ್ನು ಅವಳತ್ತ ಹಿಡಿದರು. "ನೀನೇ ನೋಡು."

ಅವಳು ನೋಡಿದಳು. ಎಷ್ಟು ಚೆನ್ನಾಗಿ ನೋಡಿದಳು. ಈಗ ಮಂಜಿನಲ್ಲಿ ನಡೆಯುವಾಗಲೂ ಆ ಹೊತ್ತಿನ ಸುಖ ಬೆರಳ ತುದಿಗೆ ಬರುತ್ತದೆ: ಒಂದೊಂದು ಹಾಳೆಯೂ ತಾನಾಗಿ ತನ್ನ ತಪ್ಪನ್ನು ತೋರಿಸಿದ್ದು, ಕೈ ಅದನ್ನು ಹಿಂಜರಿಯದೆ ತಲುಪಿದ್ದು. ಕಿಟಕಿಯ ಪಕ್ಕದ ಹಾಳೆಗೆ ಬಂದಾಗ ಅದು ಎರ್ಕೊಲೆಯದೆಂದುಕೊಂಡಳು. ಹೊರೆ ಹೊತ್ತ ಭುಜ ಅಲ್ಲಿ ಇಳಿಜಾರಾಗಿ, ಮೃದುವಾಗಿ, ಹಾಡು ಕೇಳುತ್ತ ಕೂತವರ ಭುಜದ ಹಾಗಿತ್ತು. ಕೊರಳ ಬುಡದಿಂದ ಗೆರೆ ಶುರುಮಾಡಿದಳು, ಎತ್ತರಕ್ಕೆ ಒಯ್ದಳು, ಭುಜದ ನೆತ್ತಿ ದಾಟಿಸಿ ಮಣಿಕಟ್ಟಿನವರೆಗೆ ಕೆಳಗಿಳಿಸಿದಳು. ಇಳಿಸುತ್ತಲೇ ಹೇಳಿದಳು, "ಈ ಭುಜಕ್ಕೆ ಭಾರ ಅಂದ್ರೇನು ಅಂತಲೇ ಗೊತ್ತಿಲ್ಲ. ಇದನ್ನ ಬರೆದವನು ಎದುರಿಗಿರೋ ಆಳನ್ನು ನೋಡಿಲ್ಲ, ನಿನ್ನೆ ತಾನು ಬರೆದಿದ್ದನ್ನು ನೋಡಿ ಬರೆದಿದ್ದಾನೆ." ಹಿಂದೆ ಎಲ್ಲ ಮೌನವಾಯಿತು. ಆ ಮೌನವನ್ನು ಅವಳು ಮೆಚ್ಚುಗೆ ಎಂದುಕೊಂಡಳು. ಗಲ್ಲ ಸ್ವಲ್ಪ ಎತ್ತಿ, ಇನ್ನೂ ಸ್ವಲ್ಪ ವಿವರಿಸಿದಳು. ಎರ್ಕೊಲೆಯತ್ತ ತಿರುಗಿ, ಅರ್ಥವಾಯಿತೇ ಎಂದು ಕೇಳಿದಳು.

"ಅಕ್ಕಾ," ಎಂದ ಎರ್ಕೊಲೆ, ಕೆನ್ನೆ ಕೆಂಪು ಮಾಡಿಕೊಂಡು. "ಅದು ನಂದಲ್ಲ."

ಬೆಂಚಿನಿಂದ ಚಿಕ್ಕಪ್ಪನ ದನಿ ಬಂತು. "ಮುಂದಿನದು."

ಅಷ್ಟೇ ನಡೆದದ್ದು. ಹೊರಗಿನವರಿಗೆ ಹೇಳಿದರೆ ಇದರಲ್ಲೇನಿದೆ ಎಂದಾರು. ಎದುರಿಗಿರೋ ಆಳನ್ನು ನೋಡು, ನಿನ್ನೆಯ ನಿನ್ನ ಚಿತ್ರವನ್ನಲ್ಲ: ಆ ಮಾತು ಚಿಕ್ಕಪ್ಪನದೇ, ಹತ್ತಾರು ವರ್ಷ ನೂರಾರು ಹುಡುಗರಿಗೆ ಹೇಳಿದ್ದು, ಅವಳಿಗೂ ಹೇಳಿದ್ದು. ಅವರದೇ ಮಾತಿನಿಂದ ಅವರನ್ನು ಹೊಡೆದಿದ್ದಳು. ಆದರೆ ಎರಡು ರಾತ್ರಿ ನಿದ್ದೆ ಕೆಡಿಸಿದ್ದು ಅದಲ್ಲ. ಈ ಮನೆಯಲ್ಲಿ ಯಾರ ಕೈ ಯಾವುದೆಂದು ಕತ್ತಲಲ್ಲೂ ಹೇಳಬಲ್ಲೆನೆಂದು ಅವಳು ಹೆಮ್ಮೆಪಡುತ್ತಿದ್ದಳು. ಹಾಗಿದ್ದೂ ಮೊದಲ ಕ್ಷಣ ಅವಳಿಗೆ ಗೊತ್ತಾಗಲಿಲ್ಲ, ಅದು ನಿಜ. ಗೆರೆ ಭುಜದ ನೆತ್ತಿಗೆ ಬಂದಾಗ ಕಂಕುಳ ಕೆಳಗೆ ಒಂದು ಸಣ್ಣ ಕೊಕ್ಕೆ ಕಂಡಿತು, ನೆರಳು ತಿರುಗುವಲ್ಲಿ ಚಿಕ್ಕಪ್ಪ ಯಾವಾಗಲೂ ಹಾಕುವ ಕೊಕ್ಕೆ, ಬೇರೆ ಯಾರಿಗೂ ಬಾರದ್ದು. ಕಂಡಿತು. ಕೈ ನಿಲ್ಲಲಿಲ್ಲ. ಕಂಡದ್ದಕ್ಕೂ ಗೆರೆ ಮುಗಿದದ್ದಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತಿತ್ತು, ಆ ಉಸಿರಿನೊಳಗೆ ತಾನು ಯಾರಾಗಿದ್ದೆ ಎಂಬುದನ್ನು ಅವಳು ಭಾನುವಾರವಿಡೀ ಹುಡುಕಿದ್ದಳು. ಆ ಮಾತುಗಳು ಬಂದದ್ದೂ ಅದರ ನಂತರವೇ, ಗೊತ್ತಿಲ್ಲದವಳಂತೆ ಎರ್ಕೊಲೆಯತ್ತ ತಿರುಗಿದ್ದೂ ಅದರ ನಂತರವೇ.

ಬಣ್ಣದಂಗಡಿಯಿಂದ ಹಿಂದಿರುಗುವಾಗ ಮಂಜು ತೆಳುವಾಗಿತ್ತು. ಅಂಗಳದ ಬಾವಿಯ ಪಕ್ಕ ಕಮಿಲ್ಲೊ ಕಾಯುತ್ತಿದ್ದ. ಅವಳಿಗಿಂತ ಒಂದು ವರ್ಷ ದೊಡ್ಡವನು. ಒಂದೇ ಮೇಜಿನಡಿಯಲ್ಲಿ ಆಡಿ, ಒಂದೇ ಕಲ್ಲಿನಲ್ಲಿ ಬಣ್ಣ ಅರೆದು ಬೆಳೆದವರು. ಅವನ ಕೈಯಲ್ಲಿ ಬಟ್ಟೆ ಸುತ್ತಿದ ರೊಟ್ಟಿಯ ತುಂಡಿತ್ತು.

"ಬಂದ್ರಾ ಗುರುಗಳು," ಎಂದ.

"ಚುಚ್ಚೋದಾದ್ರೆ ಬೇಗ ಚುಚ್ಚು. ಕೈಯಲ್ಲಿ ಸಾಮಾನಿದೆ."

"ಚುಚ್ಚೋ ಕೆಲಸ ಇವತ್ತು ನಕ್ಷೆಗೆ. ಮಧ್ಯಾಹ್ನದೊಳಗೆ ಭುಜಕ್ಕೆ ಸೂಜಿ ಹಾಕಿ ಅಂಟಿಸಬೇಕು. ಅದಕ್ಕೆ ಮುಂಚೆ ನೀನು ಹೋಗಿ ಅಪ್ಪನ ಹಾಳೆ ಮೇಲಿರೋದನ್ನ ಒರೆಸು. ಎಲ್ಲರ ಎದುರಿಗೆ. ಬೆಳಕು ಸರಿಯಿರಲಿಲ್ಲ, ತಪ್ಪಾಯ್ತು ಅಂತ ಒಂದು ಮಾತು ಹೇಳು. ತಗೋ." ರೊಟ್ಟಿಯನ್ನು ಅವಳ ಬುಟ್ಟಿಗಿಟ್ಟ.

"ಬೆಳಕು ಚೆನ್ನಾಗೇ ಇತ್ತು."

"ಜಿನೆವ್ರಾ." ಅವನು ದನಿ ತಗ್ಗಿಸಿದ. "ಹುಡುಗರು ಗುಸುಗುಸು ಅಂತಿದ್ದಾರೆ. ಅಪ್ಪನ ಕಣ್ಣು ಹೋಯ್ತು ಅಂತ ಊರಲ್ಲಿ ಸುದ್ದಿಯಾದ್ರೆ ಈ ಬಾಗಿಲು ಮುಚ್ಚಿದ ಹಾಗೇ. ಯಾರು ಬರ್ತಾರೆ ಇಲ್ಲಿಗೆ? ನನ್ನ ನೋಡಿ ಬರ್ತಾರಾ? ನಿನ್ನ ನೋಡಿ ಬರ್ತಾರಾ? ಒಂದು ಗೆರೆ ಅಷ್ಟೇ. ಸೊಕ್ಕು ನುಂಗಿಕೊಂಡು ಒರೆಸಿಬಿಡು."

"ಒರೆಸದಿದ್ರೆ?"

"ನಾಳೆಯಿಂದ ಮಹಡಿ ಮೇಲೆ ಕೂತು ಹೂವು ಬರಿ. ರೇಷ್ಮೆ ವ್ಯಾಪಾರಿಗಳ ಹೆಂಡತೀರ ಕೊರಳಪಟ್ಟಿ ಬರಿ. ಪರದೆಯೂ ಬೇಡ, ಕೋಣೆಯೂ ಬೇಡ. ಅಮ್ಮನ ಹತ್ರ ಮಾತಾಡಿದ್ದೀನಿ."

ಅವನು ಇದನ್ನು ಕೆಟ್ಟತನದಿಂದ ಹೇಳುತ್ತಿರಲಿಲ್ಲ. ಅವನ ಕಣ್ಣ ಕೆಳಗೂ ನಿದ್ದೆಗೆಟ್ಟ ನೆರಳಿತ್ತು. ಶನಿವಾರ ಕಾವಿಗೆ ಚಾಚಿದ ಅವನ ಕೈ ಗಾಳಿಯಲ್ಲಿ ನಿಂತದ್ದನ್ನು ಅವಳು ನೋಡಿದ್ದಳು, ಆಮೇಲೆ ಅವನು ಅದೇ ಕೈಯಿಂದ ತಲೆಕೂದಲು ಸವರಿಕೊಂಡದ್ದನ್ನೂ. ಕೊರಳಪಟ್ಟಿ ಬರೆಯುವುದು ಅವಳಿಗೆ ಗೊತ್ತಿತ್ತು. ಗಂಜಿ ಹಾಕಿದ ಮಡಿಕೆ, ಮಡಿಕೆಯ ಮೇಲೆ ಮಡಿಕೆ, ಅದರ ಮೇಲೆ ಏನನ್ನೂ ಹೊರದ ಒಂದು ತಲೆ. ಅವಳ ಅಪ್ಪ ತಡೆಯದಿದ್ದರೆ ಅವಳು ಇಷ್ಟು ಹೊತ್ತಿಗೆ ಯಾವುದೋ ಮಠದ ಗೋಡೆಯೊಳಗೆ ಕಸೂತಿ ಹಾಕುತ್ತಿದ್ದಳು. ಬಣ್ಣ ಅರೆಯಲು ಒಬ್ಬರು ಬೇಕೆಂದು ಅಪ್ಪ ಇಟ್ಟುಕೊಂಡ, ಅರೆಯುತ್ತ ಅರೆಯುತ್ತ ಅವಳು ನೋಡಲು ಕಲಿತಳು. ಆ ಕೋಣೆಯಿಲ್ಲದೆ ತನಗೇನಿದೆ? ಬೆಳಿಗ್ಗೆಯಿಂದ ಕೈ ಬಿಡದ ಪ್ರಶ್ನೆ ಇದೇ ಇರಬೇಕು, ಭುಜಗಳ ಹಿಂದೆ ಅಡಗಿ ಕೂತದ್ದು. ಕೋಣೆ ಬೇಕಾದರೆ ಗೆರೆ ಬಿಡಬೇಕು. ಗೆರೆ ಬಿಟ್ಟರೆ ಕೋಣೆಗೆ ಹೋಗಿ ಮಾಡುವುದಾದರೂ ಏನು?

"ಒಂದು ಹೇಳು ಕಮಿಲ್ಲೊ. ಯಾವ ಭುಜ ಸರಿ?"

"ಅದಲ್ಲ ಈಗಿನ ಪ್ರಶ್ನೆ."

"ನಿನಗೂ ಕಣ್ಣಿದೆ. ನೀನೂ ವೆಂತುರೋಲಿ."

ಅವನು ಬಾವಿಯ ಹಗ್ಗವನ್ನು ನೋಡಿದ, ಅದರ ಹುರಿಯೊಂದು ಸಡಿಲವಾಗಿತ್ತು, ಅದನ್ನು ಬೆರಳಲ್ಲಿ ಬಿಗಿಮಾಡಿದ. "ನಿನ್ನದೇ," ಎಂದ. "ಆದ್ರೆ ಒರೆಸು."

ಕೋಣೆಯಲ್ಲಿ ಎಲ್ಲರೂ ಇದ್ದರು. ಇದ್ದಿಲು, ಒದ್ದೆ ಉಣ್ಣೆ, ಗಾಂಬಾನ ಬೆವರು, ಇವುಗಳ ಹಳೆಯ ವಾಸನೆ ಅವಳನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿತು. ಯಾರೋ ತನ್ನ ಹೆಸರು ಕರೆದ ಹಾಗೆ. ಗಾಂಬಾ ಮೆಟ್ಟಿಲಿನಂಥ ಹಲಗೆಯ ಮೇಲೆ ಕೂತು, ಮೂಟೆಯನ್ನು ಕಾಲ ಬಳಿ ಇಟ್ಟುಕೊಂಡು ಈರುಳ್ಳಿ ತಿನ್ನುತ್ತಿದ್ದ. ಗೋಡೆಯಲ್ಲಿ ದೊಡ್ಡ ನಕ್ಷೆ: ಹೊಳೆ, ಊರುಗೋಲು, ಮಂಡಿಯವರೆಗೆ ನೀರಲ್ಲಿ ನಿಂತ ಸಂತ, ಮೇಲೆ ಮಗು, ಅವರಿಬ್ಬರ ನಡುವೆ ಭುಜವಿರಬೇಕಾದಲ್ಲಿ ಖಾಲಿ. ಮಗು ಗಾಳಿಯ ಮೇಲೆ ಕೂತಿತ್ತು. ಚಿಕ್ಕಪ್ಪ ಬೆಂಚಿನ ಮೇಲಿದ್ದರು, ಮಡಿಲಲ್ಲಿ ಕರವಸ್ತ್ರ. ಕಿಟಕಿಯ ಪಕ್ಕದ ದಾರದಲ್ಲಿ ಆ ಹಾಳೆ ಒಂದೇ ಉಳಿದಿತ್ತು, ಬೇರೆಲ್ಲ ತೆಗೆದಿದ್ದರು. ಅದನ್ನು ಯಾರೂ ಮುಟ್ಟಿರಲಿಲ್ಲ. ಪರದೆಯ ಹಿಂದೆ ಹೋಗಲೇ ಎಂದು ಒಂದು ಕ್ಷಣ ಕಾಲು ಆ ಕಡೆ ತಿರುಗಿತು. ಅವಳು ಅದನ್ನು ಹಿಂದಕ್ಕೆ ತಿರುಗಿಸಿದಳು.

"ಬಾ," ಎಂದರು ಚಿಕ್ಕಪ್ಪ. "ಕಾವಿ ಎಲ್ಲಿ?"

"ನನ್ನ ಹತ್ರ ಇದೆ. ಕೊಡಬೇಕು ಅಂತ..."

"ಇರಲಿ. ಒಂದು ಕೇಳ್ತೀನಿ. ಶನಿವಾರ ನಿನಗೆ ಗುರುತು ಸಿಗಲಿಲ್ವಾ?"

"ಅಪ್ಪಾ, ಅವಳಿಗೆ ಬೆಳಕು..." ಎಂದು ಕಮಿಲ್ಲೊ ಬಾಯಿ ಹಾಕಿದ.

"ನಿನ್ನ ಕೇಳಲಿಲ್ಲ."

ಸಿಗಲಿಲ್ಲ ಎಂದರೆ ಅವರ ಕೈ ಎರ್ಕೊಲೆಯ ಕೈಯಾಗಿದೆ ಎಂದು ಎಲ್ಲರೆದುರು ಹೇಳಿದಂತೆ. ಸಿಕ್ಕಿತು ಎಂದರೆ ತಿಳಿದೇ ಮಾಡಿದಂತೆ. ಎರಡು ಬಾಗಿಲಲ್ಲೂ ಒಬ್ಬೊಬ್ಬರು ದೊಣ್ಣೆ ಹಿಡಿದು ನಿಂತಂತಿತ್ತು. ಅವಳಿಗೆ ಆಶ್ಚರ್ಯವಾಗುವಂತೆ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಗೋಡೆಯ ಮುಂದೆ ನಿಂತಾಗ ಹೀಗೇ ಆಗುತ್ತಿತ್ತು, ಎಲ್ಲ ದೂರ ಸರಿದು ಒಂದೇ ಒಂದು ಸರಿಯಾದ ಜಾಗ ಉಳಿಯುತ್ತಿತ್ತು.

"ಮೊದಲು ಗೊತ್ತಾಗಲಿಲ್ಲ ಚಿಕ್ಕಪ್ಪ. ಅರ್ಧಕ್ಕೆ ಗೊತ್ತಾಯ್ತು."

"ಎಲ್ಲಿ?"

"ಕಂಕುಳ ಕೆಳಗೆ. ಆ ಕೊಕ್ಕೆ."

"ಆಮೇಲೆ?"

"ಮುಗಿಸಿದೆ."

"ಗೊತ್ತಾದ ಮೇಲೂ."

"ಅರ್ಧಕ್ಕೆ ನಿಲ್ಲಿಸಿದ್ರೆ ಗೆರೆ ಇನ್ನೂ ಕೆಟ್ಟದಾಗಿರ್ತಿತ್ತು."

ಯಾರೋ ಮೂಗಿನಲ್ಲಿ ನಕ್ಕು ಕೆಮ್ಮಿದಂತೆ ಮಾಡಿದರು. ಗಾಂಬಾ ಈರುಳ್ಳಿ ಅಗಿಯುವುದನ್ನು ನಿಲ್ಲಿಸಿದ. "ಮಾತು ಆಡಬಾರದಿತ್ತು," ಎಂದಳು ಜಿನೆವ್ರಾ. "ಗೆರೆ ಸಾಕಿತ್ತು. ಆ ಮಾತು ನಿಮ್ಮಿಂದ ಕಲಿತದ್ದು, ಅದನ್ನ ನಿಮ್ಮ ಮೇಲೆ ಆಡಬಾರದಿತ್ತು." ಚಿಕ್ಕಪ್ಪ ಅವಳ ಮುಖವಿರುವ ಕಡೆಗೆ ನೋಡಿದರು. ಮುಖವನ್ನಲ್ಲ, ಅದರ ಪಕ್ಕದ ಬೆಳಕನ್ನು. ಎಷ್ಟು ದಿನದಿಂದ ಹೀಗೆ ನೋಡುತ್ತಿದ್ದಾರೆ ಇವರು, ಎಂದು ಅವಳು ಯೋಚಿಸಿದಳು.

"ರೊಟ್ಟಿ ಕೊಟ್ಟಿದ್ದೀನಿ ಅಪ್ಪಾ," ಎಂದ ಕಮಿಲ್ಲೊ. "ಒರೆಸ್ತಾಳೆ."

"ಹಂಗಾದ್ರೆ ಒರೆಸಲಿ."

ಅವಳು ಬುಟ್ಟಿಯಿಂದ ರೊಟ್ಟಿ ತೆಗೆದು, ತಿರುಳನ್ನು ಮುರಿದು, ಹಾಳೆಯ ಮುಂದೆ ನಿಂತಳು. ಶನಿವಾರದ ನಂತರ ಈಗಲೇ ಅದನ್ನು ನೋಡುತ್ತಿರುವುದು. ಕಪ್ಪು ಭುಜ ಕೆಳಗೆ, ಕೆಂಪು ಭುಜ ಮೇಲೆ, ಒಂದರ ಬೆನ್ನ ಮೇಲೆ ಒಂದು ಕೂತ ಹಾಗೆ. ತನ್ನ ಗೆರೆಯನ್ನು ಬೇರೆಯವರದೆಂದುಕೊಂಡು ನೋಡಿದಳು, ದ್ವೇಷದಿಂದ ನೋಡಿದಳು, ಅದು ಸೋಲಲಿ ಎಂದು ನೋಡಿದಳು. ಕೊರಳ ಬುಡ: ಸರಿ. ಏರು: ಸರಿ. ಭುಜದ ನೆತ್ತಿ, ಎಲುಬು ಚರ್ಮವನ್ನು ಒಳಗಿಂದ ನೂಕುವ ಜಾಗ: ಸರಿ. ಬೆಳಗಿನ ಮಂಜಿನಲ್ಲಿ ಕಂಡವರೆಲ್ಲ ಒಬ್ಬೊಬ್ಬರಾಗಿ ಬಂದು ಆ ಗೆರೆಯ ಕೆಳಗೆ ನಿಂತು ಹೊರೆ ಹೊತ್ತರು. ಗೆರೆ ತೋಳಿಗಿಳಿಯಿತು, ಮೊಣಕೈ ದಾಟಿತು, ಮಣಿಕಟ್ಟಿಗೆ ಬಂತು. ಅಲ್ಲಿ ಅವಳು ನಿಂತಳು. ಮಗುವಿನ ಪಾದವನ್ನು ಹಿಡಿದ ಆ ಮಣಿಕಟ್ಟನ್ನು ಚಿಕ್ಕಪ್ಪ ಒಂದೇ ಎಳೆತದಲ್ಲಿ ಬರೆದಿದ್ದರು, ಕೈ ಒಮ್ಮೆ ನಡುಗಿತ್ತು, ಆ ನಡುಕವನ್ನೂ ಬಳಸಿಕೊಂಡು ಗೆರೆ ಮುಂದೆ ಹೋಗಿತ್ತು. ಹಿಡಿತದಲ್ಲಿ ಬಲವೂ ಇತ್ತು, ನೋಯಿಸಬಾರದೆಂಬ ಎಚ್ಚರವೂ ಇತ್ತು. ಅದರ ಮೇಲೆ ಅವಳ ಕೆಂಪು ಗೆರೆ ಓಡುವ ಭರದಲ್ಲಿ ಹಾದುಹೋಗಿತ್ತು. ನೋಡದೆ ಹಾದುಹೋಗಿತ್ತು. ಕೊಕ್ಕೆ ಕಂಡ ಮೇಲೆ ಮುಗಿಸಿದ ಭಾಗ ಇದೇ. ಗೆಲ್ಲುವ ಸುಖದಲ್ಲಿ ಬರೆದದ್ದು. ಭಾನುವಾರವಿಡೀ ಹುಡುಕಿದ್ದು ಇಲ್ಲಿ ಎರಡು ಬೆರಳಗಲದಲ್ಲಿ ಬಿದ್ದಿತ್ತು.

ಅವಳು ತಿರುಳನ್ನು ಉಂಡೆಮಾಡಿ ಮಣಿಕಟ್ಟಿನ ಮೇಲಿನ ಕೆಂಪನ್ನು ಒತ್ತಿ ಒತ್ತಿ ತೆಗೆದಳು. ಮೆತ್ತಗಿನ ರೊಟ್ಟಿ, ಬಣ್ಣ ಪೂರ್ತಿ ಏಳದೆ ಸುತ್ತ ಸ್ವಲ್ಪ ಹರಡಿತು, ಮಗುವಿನ ಪಾದದ ಹತ್ತಿರ ತೆಳುವಾದ ಕೆಂಪು ಉಳಿಯಿತು. ಕಪ್ಪು ಗೆರೆ ಮತ್ತೆ ಹೊರಗೆ ಬಂತು. ಅವಳು ಹಿಂದೆ ಸರಿದು ಕೈ ಕೆಳಗಿಳಿಸಿದಳು.

"ಅಷ್ಟೇನಾ?" ಎಂದರು ಚಿಕ್ಕಪ್ಪ.

"ಅಷ್ಟೇ. ಮಣಿಕಟ್ಟು ನಿಮ್ಮದೇ ಸರಿ. ಅಲ್ಲಿ ನಾನು ನೋಡದೆ ಎಳೆದಿದ್ದೆ."

"ಭುಜ?"

"ಭುಜ ಒರೆಸಲ್ಲ."

ಕಮಿಲ್ಲೊ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ. ಚಿಕ್ಕಪ್ಪ ಎದ್ದರು. ಹಾಳೆಯ ಹತ್ತಿರ ಹೋಗಿ ಮೂಗು ತಾಗುವಷ್ಟು ಬಾಗಿ ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದರು, ಕಾಗದದ ವಾಸನೆ ಹಿಡಿಯುವವರ ಹಾಗೆ. ಆಮೇಲೆ ತಿರುಗಿದರು. "ಗಾಂಬಾ, ಮೂಟೆ ಎತ್ತು."

ಗಾಂಬಾ ಬಾಯಿ ಒರೆಸಿಕೊಂಡು ಮೂಟೆ ಎತ್ತಿ ಹೆಗಲಿಗೇರಿಸಿದ. ಚಿಕ್ಕಪ್ಪ ಹಲಗೆಯ ಮೇಲೆ ಹತ್ತಿ, ಅವನ ಭುಜದ ಮೇಲೆ, ಮೂಟೆಗೂ ಕುತ್ತಿಗೆಗೂ ನಡುವೆ, ತಮ್ಮ ಅಂಗೈ ಇಟ್ಟರು. ಹೆಬ್ಬೆರಳು ಗುಳಿಯನ್ನು ಹುಡುಕಿತು, ಸಿಕ್ಕಿದಲ್ಲಿ ನಿಂತಿತು, ಎಲುಬಿನ ಗುಂಟ ಸಾಗಿತು. ಜಿನೆವ್ರಾ ಆ ಕೈಯನ್ನು ನೋಡಿದಳು, ಅದು ನಾಚಿಕೊಳ್ಳುತ್ತಿರಲಿಲ್ಲ. ಕುದುರೆಯನ್ನು ಹಸು ಎಂದು ಅಪ್ಪ ನಕ್ಕಾಗ ಇದೇ ಕೈ ಅಪ್ಪನ ಹೆಗಲ ಮೇಲೆ ಬಿದ್ದಿತ್ತು.

"ಬಹಳ ಹೊತ್ತು ಹಿಡಿದಿದ್ರೆ ನನಗೆ ಕಚಗುಳಿ ಆಗುತ್ತೆ ಸ್ವಾಮಿ," ಎಂದ ಗಾಂಬಾ.

"ತಡ್ಕೋ. ನೀನೀಗ ಸಂತ."

ಅವರು ಕೆಳಗಿಳಿದು ಬಂದು ಅವಳ ಮುಂದೆ ಕೈ ಚಾಚಿದರು. ಕಾವಿ ಕೇಳುತ್ತಿದ್ದಾರೆ ಎಂದು ಅವಳು ಜೇಬಿಗೆ ಕೈ ಹಾಕಿದಳು. ಅವರು ತಲೆಯಾಡಿಸಿ ಇನ್ನೊಂದು ಕೈಯನ್ನು ತೋರಿಸಿದರು, ರೊಟ್ಟಿ ಇದ್ದ ಕೈಯನ್ನು. ಉಳಿದ ಗೆರೆಯನ್ನು ತಾವೇ ಒರೆಸುತ್ತಾರೆ, ಎಂದುಕೊಂಡಳು. ಒರೆಸಲಿ. ಅವರದೇ ಗೋಡೆ. ಒರೆಸಿದರೂ ಭುಜ ಅಲ್ಲೇ ಇರುತ್ತದೆ, ಊರ ತುಂಬ ಇರುತ್ತದೆ. ನಾಳೆ ಮಹಡಿಯ ಮೇಲೆ ಕೂತು ಬರೆಯುವ ಕೊರಳಪಟ್ಟಿಯ ಕೆಳಗೂ ಅದನ್ನೇ ಬರೆಯುತ್ತೇನೆ. ಅವಳು ರೊಟ್ಟಿ ಕೊಟ್ಟಳು.

ಚಿಕ್ಕಪ್ಪ ಅದನ್ನು ಬೆರಳುಗಳ ನಡುವೆ ಒತ್ತಿ ನೋಡಿದರು, ಮೂಗಿನ ಬಳಿ ಹಿಡಿದರು. ಆಮೇಲೆ ಬಾಯಿಗೆ ಹಾಕಿಕೊಂಡು, ಇದ್ದ ಹಲ್ಲುಗಳ ಕಡೆಗೆ ದೂಡಿ, ಅಗಿಯತೊಡಗಿದರು.

"ಕಮಿಲ್ಲೊ," ಎಂದರು ಅಗಿಯುತ್ತ. "ಇದು ಇವತ್ತಿನ ರೊಟ್ಟಿ. ಇದರಲ್ಲಿ ಒರೆಸಿದ್ರೆ ಬಣ್ಣ ಹರಡುತ್ತೆ ಅಂತ ಗೊತ್ತಿಲ್ವಾ? ಇವತ್ತಿನ ರೊಟ್ಟಿ ತಿನ್ನೋಕೆ." ನುಂಗಿದರು. "ಸೂಜಿ ತಗೋ. ಭುಜಕ್ಕೆ ಕೆಂಪು ಗೆರೆ ಮೇಲೆ ಚುಚ್ಚು, ಮಣಿಕಟ್ಟಿಗೆ ಕಪ್ಪಿನ ಮೇಲೆ."

ಕಮಿಲ್ಲೊ ಕಣ್ಣು ತೆರೆದ. ಹೋಗಿ ಹಾಳೆಯನ್ನು ದಾರದಿಂದ ಬಿಡಿಸಿ ಮೇಜಿನ ಮೇಲೆ ಹಾಸಿದ. ಅಂಚನ್ನು ಒತ್ತಿ ಹಿಡಿಯಲು ಯಾರಾದರೂ ಬೇಕಿತ್ತು. ಅವನು ಜಿನೆವ್ರಾಳತ್ತ ನೋಡದೆ ಗಲ್ಲದಿಂದ ಸನ್ನೆ ಮಾಡಿದ. ಅವಳು ಹೋಗಿ ಹಿಡಿದಳು. ಸೂಜಿ ಕೊರಳ ಬುಡದಲ್ಲಿ ಮೊದಲ ತೂತು ಮಾಡಿತು, ಗೆರೆಯ ಮೇಲೇ, ಆಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು, ಮೇಲಕ್ಕೆ.

ಚಿಕ್ಕಪ್ಪ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. "ಕಾವಿ ನಿನ್ನ ಹತ್ರಾನೇ ಇರಲಿ," ಎಂದರು. "ಶನಿವಾರ ಮತ್ತೆ ಒಂದು ತೂಗುಹಾಕ್ತೀನಿ. ಯಾವುದು ಅಂತ ಹೇಳಲ್ಲ."